ರಾಯಚೂರಿಗೆ ವಿದೇಶಿ ಪ್ರತಿನಿಧಿ ಬರುವಾಗ: ಆಹ್ವಾನ ಪತ್ರದಿಂದ ಮರುಪ್ರಯಾಣದವರೆಗೆ ಸಂಘಟಕರಿಗೊಂದು ಮಾರ್ಗದರ್ಶಿ

ವಿದೇಶಿ ಅತಿಥಿಗೆ ಬೆಂಗಳೂರಿನ ತನಕ ಬರುವುದನ್ನು ಯಾರೂ ಕಲಿಸಬೇಕಿಲ್ಲ. ಟಿಕೆಟ್ ಅವರೇ ತೆಗೆಯುತ್ತಾರೆ, ವಿಮಾನ ಅವರೇ ಹತ್ತುತ್ತಾರೆ. ತೊಂದರೆ ಶುರುವಾಗುವುದು ಆಮೇಲಿನ ನಾಲ್ಕುನೂರು ಕಿಲೋಮೀಟರಿನಲ್ಲಿ. ರಾಯಚೂರು, ಬಳ್ಳಾರಿ, ಕೊಪ್ಪಳದ ಕಾಲೇಜು, ವಿಶ್ವವಿದ್ಯಾಲಯಗಳು ಕಳಿಸುವ 'ಪ್ರಯಾಣ ಮಾಹಿತಿ' ಹಾಳೆಯಲ್ಲಿ ಸಾಮಾನ್ಯವಾಗಿ ಹಂಪಿಯ ಕಲ್ಲಿನ ರಥದ ಚಿತ್ರವಿರುತ್ತದೆ, ಕುಲಪತಿಗಳ ಸಂದೇಶವಿರುತ್ತದೆ. ನಡುರಾತ್ರಿ ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಅಲ್ಲಿ ಯಾರು ನಿಂತಿರುತ್ತಾರೆ ಎಂಬುದು ಮಾತ್ರ ಇರುವುದಿಲ್ಲ. ನಮಗೆ ತೀರಾ ಗೊತ್ತಿರುವುದನ್ನೇ ನಾವು ಬರೆಯುವುದಿಲ್ಲ, ಅತಿಥಿಗೆ ಬೇಕಾದದ್ದು ಅದೇ. ಈ ಬರಹ ಆ ಹಾಳೆಯನ್ನು ತಯಾರಿಸುವವರಿಗೆ. ಕೇಂದ್ರದಲ್ಲಿ ರಾಯಚೂರಿದೆ, ಬಳ್ಳಾರಿ ಮತ್ತು ಕೊಪ್ಪಳಕ್ಕೆ ಬೇರೆಯಾಗುವಲ್ಲಿ ಹೇಳಿದ್ದೇವೆ.

ಆರು ತಿಂಗಳ ಮೊದಲು: ಅನುಮತಿ

ಸಮ್ಮೇಳನಕ್ಕೆ ಬರುವವರಿಗೆ ಭಾರತ ಸರ್ಕಾರದ ಇ-ವೀಸಾದಲ್ಲಿ 'ಇ-ಕಾನ್ಫರೆನ್ಸ್' ಎಂಬ ಪ್ರತ್ಯೇಕ ವಿಭಾಗವಿದೆ. ಅರ್ಜಿಯ ಜತೆ ಅತಿಥಿ ಮೂರು ಕಾಗದ ಸೇರಿಸಬೇಕು: ಸಂಘಟಕರ ಆಹ್ವಾನ ಪತ್ರ, ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿ, ಗೃಹ ಸಚಿವಾಲಯದ ಕಾರ್ಯಕ್ರಮ ಅನುಮತಿ. ಕೊನೆಯ ಎರಡನ್ನೂ ತರಬೇಕಾದವರು ನೀವು, ಅತಿಥಿ ಅಲ್ಲ. ಬಹಳಷ್ಟು ಸಂಘಟನಾ ಸಮಿತಿಗಳಿಗೆ ಇದು ತಿಳಿಯುವುದು ಅತಿಥಿ ಇಮೇಲ್ ಬರೆದು ಕೇಳಿದಾಗ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಎರಡೂ ಸಚಿವಾಲಯಗಳು ಆನ್‌ಲೈನ್ ಅರ್ಜಿ ಪಡೆಯುತ್ತವೆ. ಇಲಾಖೆಯ ಮತ್ತು ರಾಜ್ಯ ಸರ್ಕಾರದ ಒಪ್ಪಿಗೆ ಪತ್ರವನ್ನೂ ಕೇಳುತ್ತಾರೆ. ರಾಯಚೂರಿನಿಂದ ಹೊರಟ ಕಡತ ಬೆಂಗಳೂರು ಮುಟ್ಟಿ ಅಲ್ಲಿಂದ ದೆಹಲಿಗೆ ಹೋಗಿ ಮರಳುವುದಕ್ಕೆ ಮೂರು ತಿಂಗಳಾದರೂ ಇಟ್ಟುಕೊಳ್ಳಿ. ವಿದೇಶಿ ಹೆಸರುಗಳ ಪಟ್ಟಿ ಪಕ್ಕಾ ಆಗಲಿ ಎಂದು ಕಾಯುತ್ತ ಕೂರಬೇಡಿ.

ಅನುಮತಿ ಸಿಗುವ ಲಕ್ಷಣ ಕಾಣದಿದ್ದಾಗ 'ಟೂರಿಸ್ಟ್ ವೀಸಾದಲ್ಲಿ ಬಂದುಬಿಡಿ' ಎಂದು ಫೋನಿನಲ್ಲಿ ಹೇಳುವ ರೂಢಿಯಿದೆ. ಹೇಳಬೇಡಿ. ಇಮಿಗ್ರೇಷನ್ ಕೌಂಟರಿನಲ್ಲಿ ಬಂದ ಕಾರಣ ಕೇಳಿದಾಗ ಅತಿಥಿ ಪ್ರಾಮಾಣಿಕವಾಗಿ 'ಕಾನ್ಫರೆನ್ಸ್' ಅನ್ನುತ್ತಾರೆ. ಆಗ ಸಿಕ್ಕಿಬೀಳುವುದು ಅವರು, ನೀವಲ್ಲ.

ಆಹ್ವಾನ ಪತ್ರ ಬರೆಯುವ ಮೊದಲು ಪಾಸ್‌ಪೋರ್ಟಿನ ಫೋಟೊ ಪುಟದ ಸ್ಕ್ಯಾನ್ ತರಿಸಿಕೊಳ್ಳಿ, ಹೆಸರನ್ನು ಅಲ್ಲಿರುವಂತೆಯೇ ಬರೆಯಿರಿ. ಇನಿಶಿಯಲ್ ಹಾಕಿ ಬರೆಯುವ ನಮ್ಮ ಅಭ್ಯಾಸ ಇಲ್ಲಿ ಅಪಾಯ. ಮನೆತನದ ಹೆಸರು ಮೊದಲೋ ಆಮೇಲೋ ಎಂಬ ಅನುಮಾನವಿದ್ದರೆ ಅದೇ ಪುಟದ ಅಡಿಯಲ್ಲಿರುವ ಎರಡು ಸಾಲಿನ ಯಂತ್ರಾಕ್ಷರ ನೋಡಿ: ಅಲ್ಲಿ ಮನೆತನದ ಹೆಸರು ಮೊದಲು, ನಂತರ ಎರಡು ಬಾಣದ ಗುರುತು, ಆಮೇಲೆ ಸ್ವಂತ ಹೆಸರು ಇರುತ್ತದೆ. ಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ದೇಶ, ಸಮ್ಮೇಳನದ ದಿನಾಂಕ, ಸ್ಥಳದ ಪೂರ್ಣ ವಿಳಾಸ, ವಸತಿಯ ವಿಳಾಸ, ಖರ್ಚು ಯಾರದು ಎಂಬುದು, ಹಗಲು ರಾತ್ರಿ ಎತ್ತುವ ಒಂದು ಫೋನ್ ಸಂಖ್ಯೆ ಇರಲಿ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯಿರಿ. 05-12 ಎಂದರೆ ನಮಗೆ ಡಿಸೆಂಬರ್ 5, ಅಮೆರಿಕದವರಿಗೆ ಮೇ 12.

ಊರ ಹೆಸರಿನದೂ ಒಂದು ಕಥೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ Bellary ಹೋಗಿ Ballari ಆಯಿತು, Hospet ಹೋಗಿ Hosapete ಆಯಿತು. ಹಳೆಯ ನಕಾಶೆ, ಬುಕಿಂಗ್ ತಾಣಗಳಲ್ಲಿ ಹಳೆಯ ಸ್ಪೆಲಿಂಗೇ ಉಳಿದಿದೆ, ಆದ್ದರಿಂದ ಎರಡನ್ನೂ ಕೊಡಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹಂಪಿ, ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲಿಲ್ಲ, ವಿಳಾಸದಲ್ಲಿ ತಪ್ಪಬೇಡಿ. ರಾಯಚೂರಿನವರು ಇನ್ನೂ ಒಂದು ಸಾಲು ದಪ್ಪ ಅಕ್ಷರದಲ್ಲಿ ಸೇರಿಸಿ: ನಮ್ಮೂರು ಛತ್ತೀಸಗಢದ ರಾಯಪುರವಲ್ಲ. ಇಂಗ್ಲಿಷಿನಲ್ಲಿ ಒಂದೆರಡು ಅಕ್ಷರದ ಅಂತರಕ್ಕೆ ವಿಮಾನ ಟಿಕೆಟ್ ಬೇರೆ ರಾಜ್ಯದ್ದಾಗುತ್ತದೆ.

ನಾಲ್ಕು ತಿಂಗಳ ಮೊದಲು: ಅತಿಥಿಯ ಪಾಲಿನ ಕೆಲಸ

ಇ-ಕಾನ್ಫರೆನ್ಸ್ ವೀಸಾಕ್ಕೆ ಬರುವ ದಿನಕ್ಕಿಂತ 120 ದಿನ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 4 ದಿನ ಮುಂಚೆ ಹಾಕಿರಲೇಬೇಕು. ಪಾಸ್‌ಪೋರ್ಟಿಗೆ 6 ತಿಂಗಳ ಅವಧಿ, 2 ಖಾಲಿ ಪುಟ ಉಳಿದಿರಬೇಕು. ವೀಸಾ ಸಿಗುವುದು 30 ದಿನಕ್ಕೆ, ಒಂದೇ ಪ್ರವೇಶಕ್ಕೆ. 'ಸಮ್ಮೇಳನ ಮುಗಿಸಿ ನೇಪಾಳ ನೋಡಿ ಮತ್ತೆ ಬೆಂಗಳೂರಿಗೆ ಬರುತ್ತೇನೆ' ಎನ್ನುವವರಿಗೆ ಇದನ್ನು ಮೊದಲೇ ಹೇಳಿ, ಇಲ್ಲವಾದರೆ ಕಠ್ಮಂಡುವಿನಲ್ಲಿ ಉಳಿದುಬಿಡುತ್ತಾರೆ. ಅರ್ಜಿಯ ಶುಲ್ಕ ವಾಪಸ್ ಬರುವುದಿಲ್ಲ. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಬಹಳ ಇವೆ, ದುಪ್ಪಟ್ಟು ದುಡ್ಡು ತೆಗೆದುಕೊಳ್ಳುತ್ತವೆ. ಅಧಿಕೃತ ತಾಣದ ವಿಳಾಸ 'ಗವ್ ಡಾಟ್ ಇನ್' ಎಂದೇ ಮುಗಿಯುತ್ತದೆ, ಕೊಂಡಿಯನ್ನು ನೀವೇ ಕಳಿಸಿ. ನೇಪಾಳ, ಭೂತಾನದ ಪ್ರಜೆಗಳಿಗೆ ವೀಸಾ ಬೇಕಿಲ್ಲ. ಪಾಕಿಸ್ತಾನದ ಪಾಸ್‌ಪೋರ್ಟ್ ಇರುವವರಿಗೆ ಇ-ವೀಸಾ ಇಲ್ಲ, ಅವರು ರಾಯಭಾರ ಕಚೇರಿಗೇ ಹೋಗಬೇಕು.

ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಇರುವ ದೇಶಗಳಿಂದ, ಅಥವಾ ಆ ದೇಶಗಳನ್ನು ಹಾದು ಬರುವವರು ಲಸಿಕೆಯ ಪತ್ರ ತರಬೇಕು. ಲಸಿಕೆ ಹಾಕಿಸಿಕೊಂಡ 10 ದಿನದ ನಂತರವೇ ಆ ಪತ್ರಕ್ಕೆ ಬೆಲೆ. ಇಲ್ಲದೆ ಬಂದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ, ಅಷ್ಟರಲ್ಲಿ ನಿಮ್ಮ ಸಮಾರೋಪವೂ ಮುಗಿದಿರುತ್ತದೆ.

ತರಬಾರದ ವಸ್ತುಗಳನ್ನೂ ಬರೆಯಿರಿ. ಸ್ಯಾಟಲೈಟ್ ಫೋನನ್ನು ಅನುಮತಿಯಿಲ್ಲದೆ ತಂದರೆ ಬಂಧನವಾಗುತ್ತದೆ. ಚಾರಣಕ್ಕೆ ಒಯ್ಯುವ ಉಪಗ್ರಹ ಸಂದೇಶ ಸಾಧನಗಳಿಗೂ ಇದೇ ಗತಿ, ಭೂವಿಜ್ಞಾನ ಮತ್ತು ಪುರಾತತ್ವದವರ ಚೀಲದಲ್ಲಿ ಇವು ಇದ್ದೇ ಇರುತ್ತವೆ. ಡ್ರೋನ್ ಬೇಡ. ಇ-ಸಿಗರೇಟ್ 2019ರಿಂದ ನಿಷಿದ್ಧ.

ಸಮ್ಮೇಳನದ ತಿಂಗಳನ್ನು ಆರಿಸುವ ಅವಕಾಶ ನಿಮ್ಮ ಕೈಯಲ್ಲಿದ್ದರೆ ನವೆಂಬರಿನಿಂದ ಫೆಬ್ರವರಿ ನಡುವೆ ಇಡಿ. ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಉತ್ತರ ಯುರೋಪಿನ ಮನುಷ್ಯ ಅಂಥದ್ದನ್ನು ಕಂಡೇ ಇರುವುದಿಲ್ಲ.

ದಾರಿ: ಹೈದರಾಬಾದೋ, ಬೆಂಗಳೂರೋ?

ಕರ್ನಾಟಕದ ಊರು ಎಂದ ಮಾತ್ರಕ್ಕೆ ಬೆಂಗಳೂರಿನಲ್ಲೇ ಇಳಿಯಬೇಕೆಂದಿಲ್ಲ. ರಾಯಚೂರಿಗೆ ಹೈದರಾಬಾದ್ ವಿಮಾನ ನಿಲ್ದಾಣವೇ ಸರಿ, ನಮ್ಮ ಸಲಹೆ ಅದೇ. ಶಂಶಾಬಾದಿನಿಂದ ಜಡಚರ್ಲಾ, ಮಹಬೂಬನಗರ, ಮಕ್ತಲ್ ಮೇಲೆ ರಾಯಚೂರಿಗೆ 200 ಕಿಲೋಮೀಟರಿನ ಒಳಗೆ, ಕಾರಿನಲ್ಲಿ ಸುಮಾರು 4 ತಾಸು. ಜಡಚರ್ಲಾದಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 167. ದೇವಸೂಗೂರಿನ ಬಳಿಯ ಕೃಷ್ಣಾ ಸೇತುವೆ ನಿಜಾಮರ ಕಾಲದ್ದು, ಕಿರಿದು. ದುರಸ್ತಿಗೆಂದು ಸಂಚಾರ ನಿಲ್ಲಿಸುವುದುಂಟು. ಕಾರು ಕಳಿಸುವ ಹಿಂದಿನ ದಿನ ಶಕ್ತಿನಗರದ ಕಡೆಯ ಯಾರನ್ನಾದರೂ ಕೇಳಿಕೊಳ್ಳಿ.

ಕಾರು ಹಳದಿ ಬೋರ್ಡಿನದೇ ಇರಲಿ, ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರಲಿ. ಪ್ರಾಧ್ಯಾಪಕರೊಬ್ಬರ ಸ್ವಂತ ಗಾಡಿಗೆ ಡೀಸೆಲ್ ಹಾಕಿಸಿ ಕಳಿಸುವುದು ಅಗ್ಗ, ಆದರೆ ಅಪಘಾತವಾದರೆ ವಿಮೆ ಕೈಕೊಡುತ್ತದೆ. ಅತಿಥಿಗೆ ಕಾರಿನ ಸಂಖ್ಯೆ ಕಳಿಸುವಾಗ 'ಕೆಎ 36 ಎಂದು ಶುರುವಾಗುವ ಗಾಡಿ' ಎಂದು ಬರೆಯಿರಿ. ತೆಲಂಗಾಣದ ಗಾಡಿಗಳ ಸಾಲಿನಲ್ಲಿ ಹುಡುಕಲು ಇದು ಸಾಕು. ಬಳ್ಳಾರಿಯದು 34, ಹೊಸಪೇಟೆಯದು 35, ಕೊಪ್ಪಳದ್ದು 37. ಕರೆತರಲು ಹೋದವರನ್ನು ವಿಮಾನ ನಿಲ್ದಾಣದ ಒಳಗೆ ಬಿಡುವುದಿಲ್ಲ, ಹೊರಗೇ ಬೋರ್ಡು ಹಿಡಿದು ನಿಲ್ಲಬೇಕು. ಇದು ಗೊತ್ತಿಲ್ಲದ ಅತಿಥಿ ಬ್ಯಾಗೇಜ್ ಬೆಲ್ಟಿನ ಹತ್ತಿರ ಕಾಯುತ್ತ ನಿಂತಿರುತ್ತಾರೆ.

ರಾಯಚೂರಿನ ಸ್ವಂತ ವಿಮಾನ ನಿಲ್ದಾಣವನ್ನು ಯರಮರಸ್‌ನಲ್ಲಿ ಕಟ್ಟುವ ಕೆಲಸ ನಡೆದಿದೆ, ಅದನ್ನು ನಂಬಿ ಯಾರಿಗೂ ಪತ್ರ ಬರೆಯಬೇಡಿ. ಬಳ್ಳಾರಿ, ಹೊಸಪೇಟೆ, ಕೊಪ್ಪಳದವರಿಗೆ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣವಿದೆ, ಬಳ್ಳಾರಿಗೆ ಸುಮಾರು 30 ಕಿಲೋಮೀಟರ್. ಅಲ್ಲಿಗೆ ಬರುವುದು ಸಣ್ಣ ವಿಮಾನ, ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ಕೆಲವು ದಿನ ಇರುವುದೇ ಇಲ್ಲ. ಬುಕ್ ಮಾಡುವುದಾದರೆ ರೈಲಿನ ಟಿಕೆಟನ್ನೂ ಜತೆಗೆ ಇಟ್ಟುಕೊಂಡಿರಿ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಚೀಲಕ್ಕೆ 15 ಕಿಲೋ ಮಿತಿ. ಅಂತರರಾಷ್ಟ್ರೀಯ ವಿಮಾನದಲ್ಲಿ 23 ಕಿಲೋ ತಂದವರು ಇಲ್ಲಿ ದಂಡ ಕಟ್ಟುತ್ತಾರೆ.

ರೈಲು: ಇಲ್ಲಿಯೇ ಹೆಚ್ಚು ಜನ ತಪ್ಪುವುದು

ಬೆಂಗಳೂರಿನಲ್ಲೇ ಇಳಿಯುವವರಿಗೆ ರಾತ್ರಿ ರೈಲು ಅನುಕೂಲ. ರಾಯಚೂರಿಗೆ ಕರ್ನಾಟಕ ಎಕ್ಸ್‌ಪ್ರೆಸ್, ಉದ್ಯಾನ್ ಎಕ್ಸ್‌ಪ್ರೆಸ್, ಎರಡೂ ಗುಂತಕಲ್ ಮೇಲೆ ಬರುತ್ತವೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳಕ್ಕೆ ಹಂಪಿ ಎಕ್ಸ್‌ಪ್ರೆಸ್. ಸ್ಟೇಷನ್ನಿನ ಸಂಕೇತಾಕ್ಷರ ಕೊಡಿ: ರಾಯಚೂರು ಆರ್‌ಸಿ, ಬಳ್ಳಾರಿ ಬಿಎವೈ, ಹೊಸಪೇಟೆ ಎಚ್‌ಪಿಟಿ, ಕೊಪ್ಪಳ ಕೆಬಿಎಲ್. ಕೊಪ್ಪಳದ್ದು ಊರಿನ ಹೆಸರಿಗೆ ಹೊಂದುವಂತೆ ಕಾಣುವುದಿಲ್ಲ, ಅತಿಥಿ ಗಾಬರಿಯಾಗಬಾರದು.

ಟಿಕೆಟ್ ನೀವೇ ತೆಗೆಯಿರಿ. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. 2025ರ ಜುಲೈನಿಂದ ತತ್ಕಾಲ್ ಆನ್‌ಲೈನ್ ಟಿಕೆಟಿಗೆ ಆಧಾರ್ ದೃಢೀಕರಣ ಬೇಕು, ಆದ್ದರಿಂದ ವಿದೇಶಿಯರು ತಾವಾಗಿ ತತ್ಕಾಲ್ ಪಡೆಯುವುದು ಮುಗಿದ ಮಾತು. ವಿದೇಶಿ ಪ್ರವಾಸಿಗರ ಕೋಟಾ ಎಂಬುದೊಂದಿದೆ, ಅದರಲ್ಲಿ 365 ದಿನ ಮೊದಲೇ ಬುಕ್ ಮಾಡಬಹುದು, ಆದರೆ ಎಲ್ಲ ರೈಲಿನಲ್ಲೂ ಸಿಗುವುದಿಲ್ಲ. ಆರ್‌ಎಸಿ ಟಿಕೆಟ್ ಕಳಿಸಬೇಡಿ. ಒಂದು ಬರ್ತಿನಲ್ಲಿ ಅಪರಿಚಿತರ ಜತೆ ಇಡೀ ರಾತ್ರಿ ಕೂರಬೇಕೆಂದು ಅವರಿಗೆ ವಿವರಿಸುವುದು ಕಷ್ಟ. ಸೆಕೆಂಡ್ ಎಸಿ, ಕೆಳಗಿನ ಬರ್ತ್, ಗುರುತಿಗೆ ಮೂಲ ಪಾಸ್‌ಪೋರ್ಟ್. ಬೆಂಗಳೂರು ವಿಮಾನ ನಿಲ್ದಾಣದಿಂದ ಮೆಜೆಸ್ಟಿಕ್ಕಿನ ಸ್ಟೇಷನ್ನಿಗೆ ಸುಮಾರು 35 ಕಿಲೋಮೀಟರ್. ಸಂಜೆಯ ಟ್ರಾಫಿಕ್ಕಿನಲ್ಲಿ ಎರಡೂವರೆ ತಾಸು ಹಿಡಿಯಿರಿ, ಇಮಿಗ್ರೇಷನ್ ಸರದಿಗೆ ಇನ್ನೂ ಎರಡು. ವಿಮಾನ ಇಳಿಯುವುದಕ್ಕೂ ರೈಲು ಹೊರಡುವುದಕ್ಕೂ 6 ತಾಸಿನ ಅಂತರವಿಲ್ಲದಿದ್ದರೆ ಆ ದಿನ ಬೆಂಗಳೂರಿನಲ್ಲೇ ಉಳಿಸಿ.

ತಾರೀಕಿನ ತಪ್ಪು ಎಷ್ಟು ಸಲ ಆದರೂ ಮತ್ತೆ ಆಗುತ್ತದೆ. 10ರ ಸಂಜೆ ಬೆಂಗಳೂರು ಬಿಟ್ಟ ರೈಲು ರಾಯಚೂರು ತಲುಪುವುದು 11ರ ನಸುಕಿಗೆ ಮುಂಚೆ, ಊರೆಲ್ಲ ಮಲಗಿರುವಾಗ. '11ನೇ ತಾರೀಕು ಕರೆದುಕೊಂಡು ಬಾ' ಎಂದರೆ ಡ್ರೈವರ್ 11ರ ರಾತ್ರಿ ಹೋಗುತ್ತಾನೆ. 'ಹತ್ತರ ರಾತ್ರಿ ಊಟ ಮಾಡಿ, ಮಲಗದೆ ಸ್ಟೇಷನ್ನಿಗೆ ಹೋಗು' ಎಂದು ಹೇಳಿ. ವಿಮಾನಕ್ಕೂ ಇದೇ ಲೆಕ್ಕ, ಯುರೋಪು ಮತ್ತು ಕೊಲ್ಲಿಯ ಬಹಳಷ್ಟು ವಿಮಾನ ಇಳಿಯುವುದು ನಡುರಾತ್ರಿ ದಾಟಿ.

ರೈಲಿನ ಬೋಗಿಯೊಳಗೆ ಮುಂದಿನ ಸ್ಟೇಷನ್ನಿನ ಘೋಷಣೆ ಬರುತ್ತದೆಂದು ಅತಿಥಿ ನಂಬಿ ಮಲಗಿರುತ್ತಾರೆ. ಬರುವುದಿಲ್ಲ, ನಿಲ್ಲುವುದೂ ಎರಡು ಮೂರು ನಿಮಿಷ. ಹೀಗೆ ಬರೆದುಕೊಡಿ: ಮಂತ್ರಾಲಯಂ ರೋಡ್ ದಾಟಿದ ಕೂಡಲೆ ರೈಲು ತುಂಗಭದ್ರೆಯ ಉದ್ದ ಸೇತುವೆ ಏರುತ್ತದೆ, ಗಾಲಿಯ ಸದ್ದು ಬದಲಾಗುತ್ತದೆ. ಆ ಸದ್ದು ಕೇಳಿದರೆ ಚೀಲ ಕೆಳಗಿಳಿಸಿ, ಇನ್ನು ಅರ್ಧ ತಾಸಿನೊಳಗೆ ರಾಯಚೂರು. ಬಳ್ಳಾರಿಗೆ ಹೋಗುವವರಿಗೆ ಹಗರಿಯ ಸೇತುವೆ ಅದೇ ಗುರುತು. ಕೊಪ್ಪಳದವರಿಗೆ ಹೊಸಪೇಟೆ ಬಿಟ್ಟ ಮೇಲೆ ಮುನಿರಾಬಾದ್, ನಂತರ ಗಿಣಿಗೇರಾ, ಆಮೇಲೆ ಅವರದೇ. ಇದರ ಮೇಲೆ, ರೈಲು ಎಲ್ಲಿದೆ ಎಂದು ಆಪ್‌ನಲ್ಲಿ ನೋಡಿಕೊಂಡು 20 ನಿಮಿಷ ಮೊದಲು ನೀವೇ ಫೋನ್ ಮಾಡಿ ಎಬ್ಬಿಸಿ. ರೈಲ್ವೆಯ 139 ಸೇವೆ ವಿದೇಶಿ ಸಿಮ್‌ನಿಂದ ಸಿಗುತ್ತದೆಂದು ನಂಬಬೇಡಿ.

ವಸತಿ ಮತ್ತು 24 ತಾಸಿನ ಲೆಕ್ಕ

ವಿದೇಶಿಯರು ಎಲ್ಲಿ ಉಳಿದರೂ, ಲಾಡ್ಜ್ ಇರಲಿ, ವಿಶ್ವವಿದ್ಯಾಲಯದ ಅತಿಥಿಗೃಹ ಇರಲಿ, ನಿಮ್ಮ ಮನೆಯೇ ಇರಲಿ, ಉಳಿಸಿಕೊಂಡವರು 24 ತಾಸಿನೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ನಮ್ಮ ಜಿಲ್ಲೆಗಳಲ್ಲಿ ಆ ಅಧಿಕಾರಿ ಪೊಲೀಸ್ ವರಿಷ್ಠಾಧಿಕಾರಿ. ಇದನ್ನು ಎಲ್ಲರೂ ಇನ್ನೂ 'ಸಿ ಫಾರ್ಮ್' ಎಂದೇ ಕರೆಯುತ್ತಾರೆ. ತುಂಬಲು ವಸತಿಗೃಹದ ಹೆಸರಿನಲ್ಲಿ ಲಾಗಿನ್ ಬೇಕು, ಅದಕ್ಕೆ ಎಸ್‌ಪಿ ಕಚೇರಿಯ ಒಪ್ಪಿಗೆ ಬೇಕು. ನಿಮ್ಮ ಅತಿಥಿಗೃಹಕ್ಕೆ ಇದುವರೆಗೆ ಇಲ್ಲದಿದ್ದರೆ ಒಂದು ತಿಂಗಳು ಮೊದಲೇ ಹೋಗಿ ಮಾಡಿಸಿ. ಫೋಟೊ, ಪಾಸ್‌ಪೋರ್ಟ್ ಮತ್ತು ವೀಸಾ ವಿವರ, ಭಾರತಕ್ಕೆ ಬಂದ ದಿನ, ಎಲ್ಲಿಂದ ಬಂದರು, ಇಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಕೇಳುತ್ತದೆ.

ಈ ತಲೆನೋವು ಬೇಡವೆಂದೇ ಕೆಲವು ಲಾಡ್ಜ್‌ಗಳು ವಿದೇಶಿ ಮುಖ ಕಂಡ ಕೂಡಲೆ 'ರೂಮ್ ಖಾಲಿ ಇಲ್ಲ' ಅನ್ನುತ್ತವೆ, ಅದೂ ರಾತ್ರಿ ಮೂರಕ್ಕೆ. ಬುಕ್ ಮಾಡುವ ಮೊದಲು ಮ್ಯಾನೇಜರನ್ನು ನೇರವಾಗಿ ಕೇಳಿ: 'ಸಿ ಫಾರ್ಮ್ ಹಾಕ್ತೀರಾ?' ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟರ ತನಕ, ಜನರೇಟರ್ ಎಸಿಯನ್ನೂ ನಡೆಸುತ್ತದೋ ಬರೀ ದೀಪ-ಫ್ಯಾನೋ ಎಂಬುದನ್ನೂ ವಿಚಾರಿಸಿ.

ಹೊರಡುವ ವಾರ

2025ರ ಅಕ್ಟೋಬರ್ 1ರಿಂದ ವಿದೇಶಿಯರು ಇ-ಅರೈವಲ್ ಕಾರ್ಡನ್ನು ಬರುವ ಮೊದಲಿನ 72 ತಾಸಿನೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದರಲ್ಲಿ ಭಾರತದ ವಿಳಾಸ, ಫೋನ್ ಕೇಳುವುದರಿಂದ ನಿಮ್ಮದನ್ನು ನಕಲು ಮಾಡಿಕೊಳ್ಳುವಂತೆ ಕಳಿಸಿ. ವೀಸಾ ಒಪ್ಪಿಗೆಯ ಪತ್ರ ಮೊಬೈಲಿನಲ್ಲಿದ್ದರೆ ಸಾಲದು, ಮುದ್ರಿಸಿ ತರಲಿ.

ಫೋನಿನ ವಿಷಯ ಕೊಂಚ ತೊಡಕು. ವಿಮಾನ ನಿಲ್ದಾಣದ ವೈಫೈಗೆ ಒಟಿಪಿ ಬರಬೇಕು, ವಿದೇಶಿ ಸಂಖ್ಯೆಗೆ ಅದು ಎಷ್ಟೋ ಸಲ ಬರುವುದೇ ಇಲ್ಲ. ಕ್ಯಾಬ್ ಆಪ್‌ಗೂ ಅದೇ ಗೋಳು. ಊರಿಂದಲೇ ಇ-ಸಿಮ್ ಹಾಕಿಸಿಕೊಂಡು ಬರಲಿ, ಇಲ್ಲವೇ ನಿಲ್ದಾಣದ ಕೌಂಟರಿನಲ್ಲೇ ಸಿಮ್ ಕೊಳ್ಳಲಿ. ರಾಯಚೂರಿನ ಅಂಗಡಿಯಲ್ಲಿ ವಿದೇಶಿ ಪಾಸ್‌ಪೋರ್ಟಿಗೆ ಸಿಮ್ ಕೊಡಿಸುವುದರಲ್ಲಿ ಅರ್ಧ ದಿನ ಹೋಗುತ್ತದೆ.

ದುಡ್ಡನ್ನೂ ಅಲ್ಲೇ ಬದಲಿಸಿಕೊಂಡು ಬರಲಿ. ಐನೂರರ ನೋಟುಗಳ ಜತೆ ನೂರು, ಐವತ್ತರದೂ ಬೇಕು, ಆಟೋದವರ ಹತ್ತಿರ ಚಿಲ್ಲರೆ ಇರುವುದಿಲ್ಲ. ಎಟಿಎಂ ಪರದೆ 'ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ?' ಎಂದು ಕೇಳಿದರೆ ಬೇಡ ಅನ್ನಬೇಕು, ಇಲ್ಲದಿದ್ದರೆ ದರದಲ್ಲಿ ಕಡಿತ ಬೀಳುತ್ತದೆ. ವಿದೇಶಿಯರಿಗೆಂದೇ ಇರುವ ಯುಪಿಐ ವಾಲೆಟ್ ಸೌಲಭ್ಯ 2023ರಲ್ಲಿ ಬಂತು, ಅದನ್ನು ದೊಡ್ಡ ವಿಮಾನ ನಿಲ್ದಾಣದಲ್ಲೇ ಮಾಡಿಸಿಕೊಂಡರೆ ಮಿರ್ಚಿ ಬಂಡಿಯವನಿಗೂ ಸ್ಕ್ಯಾನ್ ಮಾಡಬಹುದು. 2016ಕ್ಕಿಂತ ಮುಂಚೆ ಭಾರತಕ್ಕೆ ಬಂದವರ ಬಳಿ ಹಳೆಯ ಐನೂರು, ಸಾವಿರದ ನೋಟು ಉಳಿದಿರುತ್ತವೆ, ಅವು ಈಗ ನೆನಪಿಗೆ ಮಾತ್ರ.

ವಿದ್ಯುತ್ 230 ವೋಲ್ಟ್, ದುಂಡು ಮೂರು ಪಿನ್. ಯುರೋಪಿನ ಎರಡು ಪಿನ್ ನಮ್ಮ ಸಾಕೆಟ್ಟಿನಲ್ಲಿ ಕೂರುತ್ತದೆ, ಆದರೆ ಸಡಿಲ. ಸಭಾಂಗಣದ ಪೋಡಿಯಂ ಬಳಿ ನಾಲ್ಕೈದು ಯುನಿವರ್ಸಲ್ ಅಡಾಪ್ಟರ್ ನೀವೇ ಇಟ್ಟಿರಿ.

ಕೊನೆಗೆ, ಅಂಗೈ ಅಗಲದ ಒಂದು ಚೀಟಿ ಮಾಡಿ ಪಿಡಿಎಫ್ ಕಳಿಸಿ. ಅದರಲ್ಲಿ 'ಇವರನ್ನು ಈ ವಿಳಾಸಕ್ಕೆ ತಲುಪಿಸಿ, ಈ ನಂಬರಿಗೆ ಫೋನ್ ಮಾಡಿ' ಎಂದು ಕನ್ನಡದಲ್ಲಿರಲಿ. ಹೈದರಾಬಾದ್ ಮೇಲೆ ಬರುವವರಿಗೆ ತೆಲುಗು, ಉರ್ದುವಿನಲ್ಲೂ ಇರಲಿ. ಸರಿಯಾದ ಚೀಟಿ ಇಂಗ್ಲಿಷಿನ ನಾಲ್ಕು ಪುಟ ಮಾಡದ ಕೆಲಸ ಮಾಡುತ್ತದೆ.

ಊಟ, ಆರೋಗ್ಯ

ಖಾರದ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ನಿಜವಾದ ಅಪಾಯ ಶೇಂಗಾ. ಅಲರ್ಜಿ ಇರುವವರಿಗೆ ಒಂದು ಚಿಟಿಕೆಯೂ ಪ್ರಾಣಕ್ಕೆ ಬರಬಹುದು, ನಮ್ಮ ಊಟದಲ್ಲಿ ಅದು ಎಲ್ಲಿಲ್ಲ? ಚಟ್ನಿ ಪುಡಿಯಲ್ಲಿ ಎದ್ದು ಕಾಣುತ್ತದೆ ಸರಿ, ಎಣ್ಣೆಗಾಯಿಯ ಮಸಾಲೆಯಲ್ಲಿ, ಪಲ್ಯದ ಮೇಲೆ ಉದುರಿಸಿದ ಪುಡಿಯಲ್ಲಿ, ಒಗ್ಗರಣೆ ಮಂಡಕ್ಕಿಯಲ್ಲಿ, ಕರಿದ ಎಣ್ಣೆಯಲ್ಲೂ ಇರುತ್ತದೆ. ನೋಂದಣಿ ಫಾರ್ಮಿನಲ್ಲೇ ಅಲರ್ಜಿ ಕೇಳಿ. ಅಡುಗೆಯವರಿಗೆ 'ಶೇಂಗಾ ಬೇಡ' ಎಂದರೆ ಮೇಲಿನ ಪುಡಿ ಬಿಡುತ್ತಾರೆ, ಎಣ್ಣೆ ಬದಲಿಸುವುದಿಲ್ಲ. ಅಂಥವರಿಗೆ ಬೇರೆ ಪಾತ್ರೆ, ಬೇರೆ ಸೌಟು, ಸೂರ್ಯಕಾಂತಿ ಎಣ್ಣೆ ಎಂದು ಬಿಡಿಸಿ ಹೇಳಿ. ಗೋಧಿ ಆಗದವರಿಗೆ ಮಾತ್ರ ನಮ್ಮೂರು ಸ್ವರ್ಗ: ಜೋಳದ ರೊಟ್ಟಿಯಲ್ಲಿ ಗ್ಲುಟೆನ್ ಇಲ್ಲ, ಚಪಾತಿಯ ಹಂಚಿನಲ್ಲೇ ಬೇಯಿಸದಿದ್ದರೆ ಸಾಕು.

ಕುಡಿಯಲು ಸೀಲ್ ಇರುವ ಬಾಟಲಿ. ಹಲ್ಲುಜ್ಜಲೂ ಅದೇ ಎಂದು ಬರೆಯಿರಿ. ಸೊಳ್ಳೆಗೆ ಹಚ್ಚುವ ಕ್ರೀಮ್ ತರಲಿ. ತುರ್ತಿಗೆ 112, ಆಂಬುಲೆನ್ಸಿಗೆ 108. ಸರ್ಕಾರಿ ದೊಡ್ಡಾಸ್ಪತ್ರೆ ಎಂದರೆ ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು.

ಒಂದು ದಿನದ ಸುತ್ತಾಟ, ಮರುಪ್ರಯಾಣ

ರಾಯಚೂರಿನಿಂದ ಹಂಪಿಗೆ ಸಿಂಧನೂರು, ಗಂಗಾವತಿ ಮೇಲೆ ಸುಮಾರು 4 ತಾಸು, ಒಂದೇ ದಿನದಲ್ಲಿ ಹೋಗಿಬರುವುದು ಅತಿಥಿಗೆ ಶಿಕ್ಷೆ. ರಾತ್ರಿ ಅಲ್ಲೇ ಉಳಿಸಿ, ಅಥವಾ ಮಸ್ಕಿಯ ಅಶೋಕ ಶಾಸನ, ರಾಯಚೂರು ಕೋಟೆಯಲ್ಲಿ 1294ರ ಶಾಸನ ಹೊತ್ತ ಆ ಭಾರೀ ಕಲ್ಲು ತೋರಿಸಿ. ಇತಿಹಾಸದವರಿಗೆ ಹಂಪಿಗಿಂತ ಇವೇ ರುಚಿಸುತ್ತವೆ. ಕೊಪ್ಪಳದಲ್ಲಿ ಸಮ್ಮೇಳನವಾದರೆ ಹಿರೇಬೆಣಕಲ್ಲಿನ ಶಿಲಾಗೋರಿಗಳು. ಬೆಟ್ಟ ಹತ್ತಬೇಕು, ನೆರಳಿಲ್ಲ, ನೀರಿಲ್ಲ, ಬೆಳಿಗ್ಗೆ 7ಕ್ಕೇ ಹೊರಡಬೇಕು. ಹಂಪಿಯ ವಿಜಯವಿಠ್ಠಲ ದೇವಾಲಯಕ್ಕೆ ವಿದೇಶಿಯರ ಟಿಕೆಟ್ 600 ರೂಪಾಯಿ, ನಮಗೆ 40. ಅದೇ ಟಿಕೆಟ್ ಅದೇ ದಿನ ರಾಣಿವಾಸದ ಆವರಣಕ್ಕೂ ನಡೆಯುತ್ತದೆ, ಬಿಸಾಡದಂತೆ ಹೇಳಿ.

ಸಮಾರೋಪದ ಸಂಜೆಯೇ ವಿಮಾನ ಇಡಿಸಬೇಡಿ. ನಮ್ಮ ಸಮಾರೋಪಗಳು ಹೇಳಿದ ಹೊತ್ತಿಗೆ ಮುಗಿದ ದಾಖಲೆಯಿಲ್ಲ. ಹೈದರಾಬಾದಿನ ವಿಮಾನಕ್ಕೆ ರಾಯಚೂರನ್ನು 9 ತಾಸು ಮೊದಲು ಬಿಡಬೇಕು: ದಾರಿಗೆ 4, ನಿಲ್ದಾಣದಲ್ಲಿ 3, ಪಂಚರ್, ಸೇತುವೆ, ಚಹಾ ಎಂದು 2.

ಇನ್ನು ಸನ್ಮಾನ. ಗಾಜಿನ ಚೌಕಟ್ಟು, ಹಿತ್ತಾಳೆ ದೀಪ, ಕಲ್ಲಿನ ರಥ ಕೊಟ್ಟು ಕಳಿಸುತ್ತೇವೆ, 15 ಕಿಲೋ ಮಿತಿಯ ಚೀಲದಲ್ಲಿ ಅವು ಹೋಗದೆ ಹೋಟೆಲ್ ಕೋಣೆಯಲ್ಲೇ ಉಳಿಯುತ್ತವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬಣ್ಣದ ಗೊಂಬೆ ಹಗುರ ಮರದ್ದು, ಬಟ್ಟೆಯ ನಡುವೆ ಸುತ್ತಿಟ್ಟರೆ ಮುರಿಯದೆ ಹೋಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಮರಳುವವರು ಮಾತ್ರ ಅಲ್ಲಿ ಇಳಿದಾಗ ಮರದ ವಸ್ತು ಇದೆ ಎಂದು ಘೋಷಣಾ ಪತ್ರದಲ್ಲಿ ಬರೆಯಬೇಕು. ಗೊಂಬೆಯ ಪೆಟ್ಟಿಗೆಯ ಮೇಲೆ ಇದನ್ನೊಂದು ಸಾಲು ಅಂಟಿಸಿ ಕೊಡಿ.